ಆ ಚಿತ್ರವನ್ನು ತೆಗೆದವರು ಯಾರು?

(ಶಾಲಾ ವಾರ್ಷಿಕೋತ್ಸವದಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ಕೆಲವು ವಾರಗಳ ಹಿಂದೆ ಒಂಬತ್ತನೆಯ ತರಗತಿಯ ಭೂಗೋಳ ಪಾಠದಲ್ಲಿ ನಾನು ಮಕ್ಕಳಿಗೆ ಒಂದು ಛಾಯಾಚಿತ್ರವನ್ನು ತೋರಿಸಿದೆನು. ಅದು 1912ನೆಯ ಇಸವಿ ಜನವರಿ 18ರಂದು ದಕ್ಷಿಣ ಧ್ರುವದಲ್ಲಿ ತೆಗೆದ ಚಿತ್ರ. ಮೂವರು ನಿಂತಿದ್ದಾರೆ, ಇಬ್ಬರು ಹಿಮದ ಮೇಲೆ ಕುಳಿತಿದ್ದಾರೆ. ಯಾರ ಮುಖದಲ್ಲಿಯೂ ನಗೆಯಿಲ್ಲ. “ಇವರು ಕ್ಯಾಪ್ಟನ್ ಸ್ಕಾಟ್, ವಿಲ್ಸನ್, ಓಟ್ಸ್, ಬವರ್ಸ್, ಎಡ್ಗರ್ ಇವಾನ್ಸ್. ನಾರ್ವೆಯ ಆಮುಂಡ್ಸೆನ್ನನು ತಮಗಿಂತ ಒಂದು ತಿಂಗಳು ಮೊದಲೇ ಬಂದು ಹೋಗಿದ್ದನೆಂಬುದನ್ನು ಅಲ್ಲಿ ಕಂಡುಕೊಂಡರು. ಹಿಂತಿರುಗುವ ದಾರಿಯಲ್ಲಿ ಐವರೂ ಮಡಿದರು” ಎಂದು ಹೇಳಿದೆನು.

ಆಗ ಹಿಂದಿನ ಬೆಂಚಿನ ಬಾಲಕಿಯೊಬ್ಬಳು ಎದ್ದು ನಿಂತು, “ಸರ್, ಧ್ರುವಕ್ಕೆ ಹೋದವರು ಐದೇ ಜನ. ಚಿತ್ರದಲ್ಲಿಯೂ ಐದು ಜನ ಇದ್ದಾರೆ. ಹಾಗಾದರೆ ಚಿತ್ರ ತೆಗೆದವರು ಯಾರು? ಐವರೂ ಸತ್ತ ಮೇಲೆ ಅದು ನಮಗೆ ಸಿಕ್ಕಿದ್ದು ಹೇಗೆ?” ಎಂದು ಕೇಳಿದಳು.

ಇಂಥ ಪ್ರಶ್ನೆಗಾಗಿ ಉಪಾಧ್ಯಾಯನು ವರ್ಷವಿಡೀ ಕಾಯುತ್ತಾನೆ. ಅಂದು ಗಂಟೆ ಹೊಡೆಯಿತು. ಉತ್ತರ ಅರ್ಧಕ್ಕೆ ನಿಂತಿತು. ಉಳಿದುದನ್ನು ಇಂದು ತಮ್ಮೆಲ್ಲರ ಮುಂದೆ ಹೇಳಲು ಅಪ್ಪಣೆ ಬೇಡುತ್ತೇನೆ.

ಮೊದಲು ಆ ಶೈತ್ಯ ಎಂಥದೆಂಬುದನ್ನು ತಿಳಿಯಬೇಕು. ಮಂಜುಗಡ್ಡೆ ಮಾಡುವ ನಮ್ಮ ಮನೆಯ ಪೆಟ್ಟಿಗೆಯೊಳಗೆ ಸಾಮಾನ್ಯವಾಗಿ ಸೊನ್ನೆಗಿಂತ ಕೆಳಗೆ 18 ಡಿಗ್ರಿ ಇರುತ್ತದೆ. ಸ್ಕಾಟನು ಧ್ರುವವನ್ನು ಮುಟ್ಟಿದ ದಿನ ಅಲ್ಲಿ ಸೊನ್ನೆಗಿಂತ ಕೆಳಗೆ 30 ಡಿಗ್ರಿ. ಮೇಲೆ ಬಿರುಗಾಳಿ ಬೇರೆ. ಜನವರಿಯೆಂದರೆ ಅಲ್ಲಿ ಬೇಸಿಗೆ! ಚಳಿಗಾಲದಲ್ಲಂತೂ ತಿಂಗಳುಗಟ್ಟಲೆ ಸೂರ್ಯನೇ ಉದಯಿಸುವುದಿಲ್ಲ.

ಆ ಚಳಿಗಾಲವನ್ನು ಕ್ಯಾಮರಾ ಹಿಡಿದು ಕಳೆದವನು ಹರ್ಬರ್ಟ್ ಪಾಂಟಿಂಗ್. ಸ್ಕಾಟನು ತನ್ನ ತಂಡದಲ್ಲಿ ಸೇರಿಸಿಕೊಂಡು ಹೋದ ಛಾಯಾಗ್ರಾಹಕ ಇವನು. 1911ರ ಜನವರಿಯಲ್ಲಿ ಕೇಪ್ ಇವಾನ್ಸ್ ಎಂಬ ಕರಾವಳಿಯಲ್ಲಿ ಮರದ ಮನೆಯೊಂದನ್ನು ಕಟ್ಟಿದರು. ಅದರೊಳಗೆ ಪಾಂಟಿಂಗನಿಗೆ ಕತ್ತಲ ಕೋಣೆಯೊಂದು ದೊರೆಯಿತು. ಆ ಕಾಲದಲ್ಲಿ ಚಿತ್ರವನ್ನು ಹೆಚ್ಚಾಗಿ ಗಾಜಿನ ಫಲಕಗಳ ಮೇಲೆ ಹಿಡಿಯುತ್ತಿದ್ದರು. ಸೂರ್ಯನಿಲ್ಲದ ತಿಂಗಳುಗಳಲ್ಲಿ ಅವನು ಬೆಳಕಿನ ಪುಡಿಯನ್ನು ಉರಿಸಿ, ಆ ಕ್ಷಣಮಾತ್ರದ ಬೆಳಕಿನಲ್ಲಿ ಹಿಮದ ಬೆಟ್ಟಗಳ ಚಿತ್ರ ತೆಗೆದನು.

ಅಲ್ಲಿ ಕ್ಯಾಮರಾ ಹಿಡಿಯುವುದು ಹುಡುಗಾಟವಲ್ಲ. ಒಮ್ಮೆ ಅವನು ಮಸೂರವನ್ನು ಸರಿಪಡಿಸುತ್ತಿದ್ದಾಗ ತುಟಿಯನ್ನು ಒದ್ದೆಮಾಡಿಕೊಳ್ಳಲು ಹೊರಚಾಚಿದ ನಾಲಗೆಯ ತುದಿ ಕ್ಯಾಮರಾದ ಲೋಹಕ್ಕೆ ತಗಲಿತು. ತಗಲಿದೊಡನೆಯೇ ಹೆಪ್ಪುಗಟ್ಟಿ ಅಂಟಿಕೊಂಡಿತು. ಬಲವಾಗಿ ಕಿತ್ತುಕೊಂಡಾಗ ನಾಲಗೆಯ ಚರ್ಮ ಲೋಹದ ಮೇಲೆಯೇ ಉಳಿಯಿತು. ಈ ಸಂಗತಿಯನ್ನು ಅವನೇ ತನ್ನ ಪುಸ್ತಕದಲ್ಲಿ ಬರೆದಿದ್ದಾನೆ.

ಲೋಹವಷ್ಟೇ ಅಲ್ಲ, ಉಸಿರೂ ಅಲ್ಲಿ ಶತ್ರು. ಮಸೂರದ ಮೇಲೆ ಬಿಟ್ಟ ಉಸಿರು ಮಂಜಿನ ಪೊರೆಯಾಗಿ ಗಟ್ಟಿಯಾಗುತ್ತದೆ. ಯಂತ್ರದೊಳಗಿನ ಎಣ್ಣೆ ಅಂಟಿನಂತಾಗಿ ಕ್ಯಾಮರಾದ ಕದ ತಡವಾಗಿ ತೆರೆಯುತ್ತದೆ. ಆದುದರಿಂದ ಅಂಥ ಕಡೆಗೆ ಒಯ್ಯುವ ಕ್ಯಾಮರಾಗಳ ಎಣ್ಣೆಯನ್ನು ಮೊದಲೇ ತೆಗೆಯಿಸಬೇಕಾಗುತ್ತಿತ್ತು. ಫಿಲ್ಮು ಒಣಗಿದ ತರಗೆಲೆಯಂತೆ ಮುರಿಯುತ್ತದೆ. ವೇಗವಾಗಿ ಸುತ್ತಿದರೆ ವಿದ್ಯುತ್ತಿನ ಸಣ್ಣ ಕಿಡಿಗಳು ಹುಟ್ಟಿ ಚಿತ್ರದ ಮೇಲೆ ಗೆರೆ ಬೀಳುತ್ತದೆ. ಹಾಗಾದರೆ ಕ್ಯಾಮರಾವನ್ನು ಬೆಚ್ಚಗಿನ ಕೋಣೆಯಲ್ಲಿ ಇಡಬಾರದೇ ಎನ್ನುವಿರಾ? ಅಲ್ಲಿಯೇ ದೊಡ್ಡ ಅಪಾಯವಿದೆ. ಫ್ರಿಜ್ಜಿನಿಂದ ತೆಗೆದ ನೀರಿನ ಬಾಟಲಿಯ ಹೊರಮೈ ಬೆವರುವುದನ್ನು ನಮ್ಮ ಕರಾವಳಿಯ ಮಕ್ಕಳು ದಿನವೂ ನೋಡುತ್ತೀರಿ. ಚಳಿಯಿಂದ ಒಳಗೆ ಬಂದ ಕ್ಯಾಮರಾವೂ ಹಾಗೆಯೇ ಬೆವರುತ್ತದೆ. ಮತ್ತೆ ಹೊರಗೆ ಒಯ್ದೊಡನೆ ಆ ಬೆವರು ಮಂಜುಗಡ್ಡೆಯಾಗಿ ಯಂತ್ರದ ಸಂದುಗಳನ್ನೆಲ್ಲ ಬಿಗಿಯುತ್ತದೆ.

ಕಾಲ ಬದಲಾಗಿದೆ, ಶೈತ್ಯದ ನಿಯಮ ಬದಲಾಗಿಲ್ಲ. ನಮ್ಮೂರ ಮಕ್ಕಳಲ್ಲಿ ಯಾರಾದರೂ ಮುಂದೆ ಸೈನಿಕರಾಗಿ ಲಡಾಖಿಗೆ ಹೋಗಬಹುದು, ವಿಜ್ಞಾನಿಯಾಗಿ ಅಂಟಾರ್ಕ್ಟಿಕದಲ್ಲಿರುವ ನಮ್ಮ ದೇಶದ ‘ಮೈತ್ರಿ’ಗೋ ‘ಭಾರತಿ’ಗೋ ಹೋಗಬಹುದು. ಅವರು ಮೂರು ಮಾತು ನೆನಪಿಡಲಿ. ಚಳಿಯಲ್ಲಿ ಬ್ಯಾಟರಿಯೊಳಗಿನ ರಾಸಾಯನಿಕ ಕ್ರಿಯೆ ನಿಧಾನವಾಗಿ ಅದರ ಶಕ್ತಿ ಬೇಗನೆ ಕುಂದುತ್ತದೆ. ಇನ್ನೊಂದನ್ನು ಒಳಜೇಬಿನಲ್ಲಿ ಮೈಬಿಸಿಗೆ ತಾಗುವಂತೆ ಇಟ್ಟುಕೊಳ್ಳಬೇಕು. ಬಯಲೆಲ್ಲ ಬೆಳ್ಳಗಿರುವಾಗ ಕ್ಯಾಮರಾ ಮೋಸಹೋಗಿ ಹಿಮವನ್ನು ಬೂದಿಯ ಬಣ್ಣದಲ್ಲಿ ತೋರಿಸುತ್ತದೆ. ಅದು ತಾನಾಗಿ ಆರಿಸುವುದಕ್ಕಿಂತ ತುಸು ಹೆಚ್ಚು ಬೆಳಕನ್ನು ನಾವು ಕೊಡಬೇಕು. ಒಳಗೆ ಬರುವ ಮುನ್ನ ಹೊರಗಡೆಯೇ ಕ್ಯಾಮರಾವನ್ನು ಚೀಲದಲ್ಲಿ ಗಾಳಿಯಾಡದಂತೆ ಕಟ್ಟಬೇಕು. ಅದು ನಿಧಾನವಾಗಿ ಬೆಚ್ಚಗಾದ ಮೇಲೆಯೇ ಬಿಚ್ಚಬೇಕು. ಆಗ ಬೆವರು ಚೀಲದ ಮೇಲೆ ಕೂಡುತ್ತದೆ, ಮಸೂರದ ಮೇಲೆ ಅಲ್ಲ.

ಇನ್ನು ಬಾಲಕಿಯ ಪ್ರಶ್ನೆಗೆ ಬರುತ್ತೇನೆ. ಕೇಪ್ ಇವಾನ್ಸಿನಿಂದ ಧ್ರುವಕ್ಕೆ ಸುಮಾರು 1,400 ಕಿಲೋಮೀಟರ್. ಗಾಜಿನ ಫಲಕಗಳ ಭಾರವನ್ನು ಅಷ್ಟು ದೂರ ಎಳೆಯುವಂತಿರಲಿಲ್ಲ. ಪಾಂಟಿಂಗನು ಧ್ರುವಕ್ಕೆ ಹೋಗುವಂತೆಯೂ ಇರಲಿಲ್ಲ. ಹೀಗಾಗಿ ಅವನು ಉಪಾಧ್ಯಾಯನಾದನು. ಸ್ಕಾಟನಿಗೆ, ಬವರ್ಸನಿಗೆ, ಭೂವಿಜ್ಞಾನಿ ಡೆಬೆನ್‌ಹ್ಯಾಮನಿಗೆ, ಇನ್ನು ಕೆಲವರಿಗೆ ತನ್ನ ವಿದ್ಯೆಯನ್ನು ಕಲಿಸಿದನು. ಲೋಕಪ್ರಸಿದ್ಧನಾದ ಕಲಾವಿದನೊಬ್ಬನು ತಾನು ಕಾಣಲಾರದ ಸ್ಥಳದ ಚಿತ್ರವನ್ನು ಇತರರು ತೆಗೆಯಲಿ ಎಂದು ಕಲಿಸಿದನಲ್ಲ, ಅದನ್ನು ಗಮನಿಸಿರಿ.

ಬವರ್ಸನು ಒಳ್ಳೆಯ ಶಿಷ್ಯ. ಧ್ರುವದಲ್ಲಿ ಅವನು ಕ್ಯಾಮರಾವನ್ನು ಎದುರಿಗೆ ನಿಲ್ಲಿಸಿ, ಅದರ ಕೀಲಿಗೆ ಒಂದು ದಾರವನ್ನು ಕಟ್ಟಿ, ತಾನೂ ಬಂದು ಮುಂದಿನ ಸಾಲಿನಲ್ಲಿ ಕುಳಿತು ದಾರವನ್ನು ಎಳೆದನು. ಚಿತ್ರವನ್ನು ಹತ್ತಿರದಿಂದ ನೋಡಿದರೆ ಅವನ ಕೈಯ ದಾರ ಕಾಣುತ್ತದೆ. ಚಿತ್ರ ತೆಗೆದವನು ಚಿತ್ರದಲ್ಲಿಯೇ ಇದ್ದಾನೆ!

ಬಳಿಕ ಇವಾನ್ಸನೂ ಓಟ್ಸನೂ ದಾರಿಯಲ್ಲಿ ಅಳಿದರು. ಮಿಕ್ಕ ಮೂವರು ಆಹಾರದ ದಾಸ್ತಾನಿಗೆ ಸುಮಾರು 20 ಕಿಲೋಮೀಟರ್ ಇರುವಾಗ, ಮಾರ್ಚ್ ತಿಂಗಳ ಕೊನೆಯಲ್ಲಿ, ಗುಡಾರದೊಳಗೆ ಪ್ರಾಣ ಬಿಟ್ಟರು. ನವೆಂಬರ್ 12ರಂದು ಹುಡುಕಿಬಂದವರಿಗೆ ಹಿಮದಲ್ಲಿ ಹೂತ ಆ ಗುಡಾರ ಸಿಕ್ಕಿತು. ಸ್ಕಾಟನ ದಿನಚರಿಯೊಡನೆ ಫಿಲ್ಮೂ ಸಿಕ್ಕಿತು. ಸಾಯುವ ಸ್ಥಿತಿಯಲ್ಲಿಯೂ ಅವರು ಅದನ್ನು ಎಸೆದಿರಲಿಲ್ಲ. ಕೇಪ್ ಇವಾನ್ಸಿನ ಅದೇ ಮನೆಯಲ್ಲಿ ಅದನ್ನು ತೊಳೆದು ಚಿತ್ರವನ್ನು ಹೊರತಂದವನು ಡೆಬೆನ್‌ಹ್ಯಾಂ. ಪಾಂಟಿಂಗನು ಅಷ್ಟರಲ್ಲಿ ಊರಿಗೆ ಮರಳಿದ್ದನು. ಒಬ್ಬ ಶಿಷ್ಯನು ತೆಗೆದ ಚಿತ್ರವನ್ನು ಇನ್ನೊಬ್ಬ ಶಿಷ್ಯನು ಬೆಳಕಿಗೆ ತಂದನು.

ಎಂಟು ತಿಂಗಳು ಹಿಮದಲ್ಲಿದ್ದ ಫಿಲ್ಮು ಕೆಡಲಿಲ್ಲವೇಕೆ? ಯಂತ್ರವನ್ನು ಬಿಗಿಯುವ ಚಳಿಯೇ ಫಿಲ್ಮಿನ ಮೇಲೆ ಮೂಡಿದ ಚಿತ್ರ ಅಳಿಯದಂತೆ ತಡೆಯುತ್ತದೆ. ಇದಕ್ಕಿಂತ ಅದ್ಭುತವಾದ ಉದಾಹರಣೆಯೂ ಉಂಟು. 1897ರಲ್ಲಿ ಸ್ವೀಡನ್ನಿನ ಆಂಡ್ರೆ ಮತ್ತು ಇಬ್ಬರು ಸಂಗಡಿಗರು ಬಲೂನಿನಲ್ಲಿ ಉತ್ತರ ಧ್ರುವಕ್ಕೆ ಹೊರಟು ಕಣ್ಮರೆಯಾದರು. 33 ವರ್ಷಗಳ ಮೇಲೆ, 1930ರಲ್ಲಿ, ಹಿಮದ್ವೀಪವೊಂದರಲ್ಲಿ ಅವರ ಅವಶೇಷಗಳೂ ಫಿಲ್ಮುಗಳೂ ದೊರೆತವು. ಅವುಗಳಿಂದ 93 ಚಿತ್ರಗಳು ಹೊರಬಂದವು. ಹಿಮದ ಮೇಲೆ ಬಿದ್ದ ಬಲೂನಿನ ಚಿತ್ರವೂ ಅವುಗಳಲ್ಲಿತ್ತು.

ಪೋಷಕ ಬಂಧುಗಳೇ, ನಮ್ಮ ನಾಡಿನಲ್ಲಿ ಅಂಥ ಹಿಮದ ಕಾವಲಿಲ್ಲ. ಇಲ್ಲಿ ಇರುವುದು ಮಳೆಗಾಲದ ತೇವ ಮತ್ತು ಗೆದ್ದಲು. ನಮ್ಮ ಶಾಲೆಯ ಕಚೇರಿಯಲ್ಲಿ ಹಳೆಯ ಚಿತ್ರವೊಂದು ತೂಗುತ್ತಿದೆ. ಮುಳಿಹುಲ್ಲಿನ ಮಾಡಿನ ಮುಂದೆ ಹನ್ನೊಂದು ಮಂದಿ ನಿಂತಿದ್ದಾರೆ. ಈ ಗಡಿನಾಡಿನಲ್ಲಿ ಕನ್ನಡ ಶಾಲೆಯೊಂದು ಬೇಕೆಂದು ದುಡಿದವರು. ಏಳು ಜನರ ಹೆಸರು ನಮಗೆ ಗೊತ್ತು. ನಾಲ್ವರ ಹೆಸರು ಹೇಳಬಲ್ಲವರು ಈಗ ಶಾಲೆಯಲ್ಲಿ ಯಾರೂ ಇಲ್ಲ. ಚಿತ್ರದ ಮೂಲೆಯನ್ನು ತೇವ ತಿನ್ನುತ್ತಿದೆ. ಎಂಟು ತಿಂಗಳು ಹಿಮದಲ್ಲಿ ಹೂತಿದ್ದವರ ಹೆಸರು ನಮ್ಮ ಮಕ್ಕಳಿಗೆ ತಿಳಿದಿದೆ. ತಾವು ಕುಳಿತು ಓದುವ ಶಾಲೆಯನ್ನು ಕಟ್ಟಿದವರ ಹೆಸರು ತಿಳಿಯದು. ಇದು ನನಗೆ ನಾಚಿಕೆಯ ಸಂಗತಿ.

ಆದುದರಿಂದ ಒಂದು ಬಿನ್ನಹ. ಇಂದು ಮನೆಗೆ ಹೊರಡುವ ಮುನ್ನ ತಾವೆಲ್ಲರೂ ಕಚೇರಿಗೆ ಬಂದು ಆ ಚಿತ್ರವನ್ನೊಮ್ಮೆ ನೋಡಬೇಕು. ಮನೆಯ ಅಜ್ಜ ಅಜ್ಜಿಯರನ್ನು ಕರೆತಂದಿದ್ದರೆ ಅವರಿಗೂ ತೋರಿಸಬೇಕು. ವಿದ್ಯಾರ್ಥಿಗಳೇ, ನೀವು ನಿಮ್ಮ ಮನೆಯ ಹಳೆಯ ಚಿತ್ರಗಳ ಹಿಂದೆ ಹೆಸರು, ಊರು, ಇಸವಿಗಳನ್ನು ಹಿರಿಯರಿಂದ ಕೇಳಿ ಬರೆದಿಡಿರಿ. ತೆಗೆದವನೊಬ್ಬನಿಂದಲೇ ಚಿತ್ರ ಉಳಿಯುವುದಿಲ್ಲ. ಕಲಿಸಿದವನು, ಹೊತ್ತವನು, ಹುಡುಕಿದವನು, ತೊಳೆದವನು ಎಲ್ಲರೂ ಬೇಕು. ಬವರ್ಸನ ಕೈಯ ದಾರದ ಇನ್ನೊಂದು ತುದಿ ನಮ್ಮ ಕೈಯಲ್ಲಿದೆ.