ಬಾಯಿಬಿಟ್ಟು ಓದುವ ಕಾದಂಬರಿ

ಕಳೆದ ಸಲ ಈ ಕಾರ್ಯಕ್ರಮದಲ್ಲಿ ದೇವನೂರ ಮಹಾದೇವರ ‘ಕುಸುಮಬಾಲೆ’ ಕಾದಂಬರಿಯ ಹೆಸರೆತ್ತಿದ್ದೇ ತಡ, ಬೆಂಗಳೂರಿನ ಜಯನಗರ, ಬನಶಂಕರಿ, ಬಿಟಿಎಂ ಕಡೆಯ ಕೇಳುಗರ ಪತ್ರಗಳಲ್ಲೆಲ್ಲ ಒಂದೇ ಅಳಲು. ಪುಸ್ತಕ ಕೊಂಡೆವು, ನಾಲ್ಕು ಪುಟ ದಾಟಲಾಗಲಿಲ್ಲ, ನಂಜನಗೂಡು ಸೀಮೆಯ ಆ ಮಾತು ನಮಗೆ ಬಾರದು, ಅದಕ್ಕೊಂದು ನಿಘಂಟು ಸಿಗುತ್ತದೆಯೇ?

ನಿಘಂಟು ಬೇಡ. ಬಾಯಿಬಿಟ್ಟು ಓದಿ.

ಯಾಕೆ ಅಂತೀರಾ? ಪಳಗಿದ ಓದುಗರ ಕಣ್ಣು ಒಂದೊಂದೇ ಅಕ್ಷರ ಕೂಡಿಸುತ್ತ ಕೂರುವುದಿಲ್ಲ, ಪರಿಚಿತ ಪದವನ್ನು ಕಂಡಕೂಡಲೇ ಗುರುತಿಸಿ ಮುಂದೆ ಹೋಗುತ್ತದೆ. ‘ಹೋಗಿಬಿಟ್ಟ’ ಎಂದು ಅಚ್ಚಾಗಿದ್ದರೆ ಸರಾಗ. ‘ಓಗ್ಬುಟ್ಟ’ ಎಂದಿದ್ದರೆ ಕಣ್ಣು ತಡವರಿಸುತ್ತದೆ. ಅದನ್ನೇ ಕಿವಿಗೆ ಹಾಕಿ, ತಡವರಿಕೆಯೇ ಇಲ್ಲ. ಚಾಮರಾಜನಗರ, ಕೊಳ್ಳೇಗಾಲದ ಕಡೆಯಿಂದ ಗಾರೆ ಕೆಲಸಕ್ಕೆ, ಆಟೊ ಓಡಿಸಲಿಕ್ಕೆ ಬಂದವರ ಜೊತೆ ದಿನಾ ವ್ಯವಹರಿಸುವ ನೀವು ಈ ಮಾತು ಬಾರದು ಅನ್ನುವುದನ್ನು ನಾನು ಒಪ್ಪುವುದಿಲ್ಲ. ಬಾರದಿರುವುದು ನಿಮ್ಮ ಕಣ್ಣಿಗೆ ಮಾತ್ರ.

ಇನ್ನೊಂದು ಕಾರಣವೂ ಇದೆ. ‘ಕುಸುಮಬಾಲೆ’ಯಲ್ಲಿ ವಾಕ್ಯ ಮುಗಿಯುವುದು ವ್ಯಾಕರಣ ಹೇಳಿದ ಕಡೆ ಅಲ್ಲ, ಹೇಳುವವರ ಉಸಿರು ಮುಗಿದ ಕಡೆ. ಮೌನವಾಗಿ ಓದಿದರೆ ಆ ಉಸಿರು ಎಲ್ಲಿಂದ ಬರಬೇಕು? ಎಲ್. ಬಸವರಾಜು ಅವರಂಥ ವಿದ್ವಾಂಸರು ಆ ಗದ್ಯವನ್ನೇ ಪದ್ಯದ ಸಾಲುಗಳಂತೆ ಒಡೆದು ಜೋಡಿಸಿಕೊಟ್ಟರಲ್ಲ, ಎಲ್ಲಿ ನಿಲ್ಲಬೇಕು ಎಂಬುದು ಆಗ ಕಣ್ಣಿಗೂ ಕಂಡಿತು. ನಾನೊಮ್ಮೆ ಪಾಠ ಒಪ್ಪಿಸುವ ಹಾಗೆ ಬಿಡಿಸಿ ಬಿಡಿಸಿ ಓದುತ್ತಿದ್ದೆ. ಟಿ. ನರಸೀಪುರದ ಕಡೆಯ ನಮ್ಮ ಅತ್ತೆ ಅಡುಗೆಮನೆಯಿಂದಲೇ, ‘ಅಷ್ಟು ಮೆಲ್ಲಗೆ ಯಾರವ್ವಾ ಮಾತಾಡರು?’ ಅಂದರು. ಹಾಗಾಗಿ ಬಾಯಿಬಿಟ್ಟು, ಮಾತಿನ ವೇಗದಲ್ಲೇ ಓದಿ. ಪಕ್ಕದ ಫ್ಲಾಟಿನವರಿಗೆ ಕೇಳಿಸೀತು ಎಂಬ ಸಂಕೋಚವಿದ್ದರೆ ಕೇಳಿಸಲಿ ಬಿಡಿ.

ನನ್ನ ತಾಳ್ಮೆ ಕೆಡಿಸುವ ಇನ್ನೊಂದು ಮಾತಿದೆ. ಈ ಕಾದಂಬರಿಯಲ್ಲಿ ದೀಪಗಳು ಮಾತಾಡುತ್ತವೆ, ಮಂಚ ಕತೆ ಹೇಳುತ್ತದೆ, ಇದೆಲ್ಲ ಲ್ಯಾಟಿನ್ ಅಮೆರಿಕದ ಕಾದಂಬರಿಕಾರ ಮಾರ್ಕ್ವೆಜ್‌ನಿಂದ ಬಂದದ್ದು ಎಂದು ಜೆ.ಪಿ. ನಗರದ ಒಬ್ಬ ಮಹನೀಯರು ಬರೆದಿದ್ದಾರೆ. ಸ್ವಾಮಿ, ಆರಿಸಿದ ದೀಪಗಳೆಲ್ಲ ರಾತ್ರಿ ಹನುಮಂತನ ಗುಡಿಯಲ್ಲಿ ಸೇರಿ ಊರ ಸುದ್ದಿ ಹರಟುವ ಕತೆ ಕನ್ನಡದ ಜನಪದದಲ್ಲೇ ಇದೆ, ಎ.ಕೆ. ರಾಮಾನುಜನ್ ಅದನ್ನು ಸಂಗ್ರಹಿಸಿದ್ದಾರೆ. ಮಂಟೇಸ್ವಾಮಿಯ ಜನಪದ ಕಾವ್ಯವನ್ನು ನೀಲಗಾರ ಗಾಯಕರು ರಾತ್ರಿಯಿಡೀ ಹಾಡುವ ಸೀಮೆಯವರು ಮಹಾದೇವ. ಅವರು ಮಾಡಿದ ಹೊಸತು ಬೇರೆ. ದಲಿತ ಹುಡುಗ ಚನ್ನ, ಮೇಲುಜಾತಿಯ ಕುಸುಮ, ಒಂದು ಕೊಲೆ, ಈ ಕತೆಯನ್ನು ಪತ್ರಿಕೆಯ ವರದಿಯಂತೆ ಹೇಳದೆ ಆ ಹಾಡಿನ ಬಾಯಿಗೆ ಕೊಟ್ಟರು. ಊರಿನ ಜನ ನುಂಗಿಕೊಂಡದ್ದನ್ನು ಅಲ್ಲಿ ದೀಪಗಳು ಆಡಿಬಿಡುತ್ತವೆ.

‘ಕುಸುಮಬಾಲೆ’ಗೆ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಆಮೇಲೆ ಯಾಕೆ ಇನ್ನೊಂದು ಕಾದಂಬರಿ ಬರೆಯಲಿಲ್ಲ ಎಂದು ಕೇಳುವವರಿಗೆ, ಇರುವುದನ್ನು ಮೊದಲು ಓದಿ ಎಂದಷ್ಟೇ ನನ್ನ ಉತ್ತರ.

ಸಮಯ ಮೀರುತ್ತಿದೆ, ಉಳಿದ ಪ್ರಶ್ನೆಗಳಿಗೆ ಬೇಗ ಬೇಗ. ಮೊದಲು ಮಹಾದೇವರದೇ ‘ಒಡಲಾಳ’ ಓದಬಹುದೇ? ಧಾರಾಳವಾಗಿ, ಅದರ ಸಾಕವ್ವನ ಮಾತು ಕಿವಿಗೆ ಹತ್ತಿದರೆ ಅರ್ಧ ದಾರಿ ಸವೆದಂತೆಯೇ. ಇಂಗ್ಲಿಷಿನಲ್ಲೇ ಓದಿದ ಮಕ್ಕಳಿಗೆ? ‘ಕುಸುಮಬಾಲೆ’ಗೆ ಸೂಸನ್ ಡೇನಿಯಲ್ ಅವರ ಅನುವಾದವಿದೆ, ಕೊಡಿಸಿ. ಆದರೆ ಕನ್ನಡದ್ದನ್ನು ಒಂದೆರಡು ಪುಟವಾದರೂ ಅವರ ಮುಂದೆ ಕೂತು ಓದಿ. ಗಟ್ಟಿಯಾಗಿ.