ಬಿಟ್ಟಿಯ ಆಟ, ಬಿಡುಗಡೆಯ ಆಟ

(ನಮ್ಮ ಉಚಿತ ವಾಚನಾಲಯದ ಭಾನುವಾರದ ಕೂಟದಲ್ಲಿ ಸದಸ್ಯರೊಬ್ಬರು ಮಾಡಿದ ಭಾಷಣ)



ಸಾಹಿತಿಗಳು ನಿಂತು ಮಾತನಾಡುವ ಈ ಮೇಜಿನ ಮುಂದೆ ಸಾಗಣೆ ಕಚೇರಿಯ ಗುಮಾಸ್ತನಾದ ನಾನು ನಿಂತಿರುವುದಕ್ಕೆ ಅಗೋ, ಆ ಮೂಲೆಯಲ್ಲಿರುವ ಹಳೆಯ ಕಂಪ್ಯೂಟರೇ ಕಾರಣ. ಕಳೆದ ಸಮಿತಿ ಸಭೆಯಲ್ಲಿ ಅದನ್ನು ಗುಜರಿಗೆ ಹಾಕಬೇಕೆಂಬ ಸೂಚನೆ ಬಂದಿತ್ತು. ಗುಜರಿಗೆ ಈ ಮುಂಬಯಿಯ ಮಾತಿನಲ್ಲಿ ಭಂಗಾರ ಎನ್ನುತ್ತಾರೆ. ಮಹಾಪ್ರಾಣವೊಂದನ್ನು ಕಳೆದರೆ ನಮ್ಮ ಬಂಗಾರ. ಅದು ಯಾವುದೆಂದು ನೋಡಲು ಒಂದು ತಿಂಗಳ ಗಡುವು ಬೇಡಿ, ಅದರಲ್ಲಿ ಲಿನಕ್ಸ್ ಹಾಕಿ, ಕೆಲವು ಆಟಗಳನ್ನು ಇರಿಸಿದೆ. ‘ವಾಚನಾಲಯದಲ್ಲಿ ಆಟವೇನಯ್ಯ?’ ಎಂದು ಹಿರಿಯರು ಹುಬ್ಬೇರಿಸಿದರು. ಅವರಿಗೆ ಸಮಾಧಾನ ಹೇಳು ಎಂದು ಕಾರ್ಯದರ್ಶಿಗಳ ಅಪ್ಪಣೆಯಾಗಿದೆ.

ಲಿನಕ್ಸ್ ಎಂದರೆ ಕಂಪ್ಯೂಟರನ್ನು ನಡೆಸುವ ವ್ಯವಸ್ಥೆ. 1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಓದುತ್ತಿದ್ದ ಲೀನಸ್ ಟೊರ್ವಾಲ್ಡ್ಸ್ ಎಂಬ ವಿದ್ಯಾರ್ಥಿ ಅದರ ತಿರುಳನ್ನು ಬರೆಯತೊಡಗಿ, ಬರೆದುದನ್ನು ಎಲ್ಲರ ಮುಂದಿಟ್ಟ. ಅದರ ಬರೆಹವನ್ನು ಯಾರೂ ಓದಬಹುದು, ತಿದ್ದಬಹುದು, ಹಂಚಬಹುದು. ಇಷ್ಟು ತಿಳಿದರೆ ಇಂದಿನ ಮಾತಿಗೆ ಸಾಕು.

ನನ್ನ ಖೋಲಿಯ ಜೊತೆಗಾರರೊಬ್ಬರಿದ್ದಾರೆ, ವಿಜಾಪುರದ ಕಡೆಯವರು. ಎರಡು ದೀಪಾವಳಿಯ ಬೋನಸ್ಸಿನಲ್ಲಿ ಉಳಿಸಿ ಮಗನಿಗೆ ಒಂದು ಆಟ ಕೊಂಡರು. ಮಾರಿದ ಕಂಪನಿ ಒಂದು ದಿನ ತನ್ನ ಸರ್ವರನ್ನು ನಿಲ್ಲಿಸಿತು. ಮನೆಯಲ್ಲಿದ್ದ ಆಟವೂ ಅಂದೇ ನಿಂತಿತು. ‘ದುಡ್ಡು ಕೊಟ್ಟು ತಂದ ಕೊಡ ರೀ ಅದು, ಅಂಗಡಿ ಮುಚ್ಚಿದರ ಸೋರಬೇಕೇನು?’ ಎಂದು ಅವರು ಕೇಳಿದ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಅವರು ಕೊಂಡದ್ದು ಕೊಡವನ್ನಲ್ಲ, ನೀರು ಕುಡಿಯುವ ಅಪ್ಪಣೆಯನ್ನು ಮಾತ್ರ.

ಆ ಮೂಲೆಯ ಯಂತ್ರದಲ್ಲಿರುವ ಆಟದ ಹೆಸರು ‘ದಿ ಬ್ಯಾಟಲ್ ಫಾರ್ ವೆಸ್ನೋತ್’, ಎಂದರೆ ವೆಸ್ನೋತ್ ರಾಜ್ಯಕ್ಕಾಗಿ ಯುದ್ಧ. 2003ರಲ್ಲಿ ಡೇವಿಡ್ ವೈಟ್ ಎಂಬವರು ಅದನ್ನು ಆರಂಭಿಸಿದರು. ಮುಂದೆ ಚಿತ್ರ ಬರೆಯುವವರು, ಸಂಗೀತ ಕೂಡಿಸುವವರು, ಕಥೆ ಹೆಣೆಯುವವರು ಹತ್ತಾರು ದೇಶಗಳಿಂದ ಬಂದು ಸೇರಿದರು. ಚದುರಂಗದಂತೆ ಇದು ಸರದಿಯ ಆಟ. ಆದರೆ ಮನೆಗಳು ಚೌಕವಲ್ಲ, ಜೇನುಗೂಡಿನ ಹಾಗೆ ಆರು ಮೂಲೆಯವು. ಕಾಡಿನಲ್ಲಿ ನಿಂತ ಎಲ್ಫ್ ಎಂಬ ವನವಾಸಿಗೆ ಪೆಟ್ಟು ತಾಗುವುದು ಕಷ್ಟ. ಅವನೇ ಬಯಲಿಗೆ ಬಂದರೆ ಬಡಪಾಯಿ. ಹಗಲಿನಲ್ಲಿ ಕೆಲವರ ಬಲ ನಾಲ್ಕನೆಯ ಒಂದರಷ್ಟು ಹೆಚ್ಚು, ರಾತ್ರಿ ಅಷ್ಟೇ ಕಡಮೆ. ಇನ್ನು ಕೆಲವರಿಗೆ ಇದು ತಿರುಗುಮುರುಗು. ರಾತ್ರಿಪಾಳಿ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಳ್ಳಿಗಳನ್ನು ಹಿಡಿದರೆ ವರಮಾನ ಬರುತ್ತದೆ, ಸೈನಿಕರಿಗೆ ಸರದಿಗೊಮ್ಮೆ ಸಂಬಳ ಹೋಗುತ್ತದೆ. ಆದಾಯ ನೋಡದೆ ಸೈನ್ಯ ಕಟ್ಟಿದವನು ತಿಂಗಳ ಕೊನೆಯ ನಮ್ಮಂತೆಯೇ ಪರದಾಡುತ್ತಾನೆ.

ಅವಸರವಿಲ್ಲ ಎಂಬುದೇ ಇದರಲ್ಲಿ ನನಗೆ ಹಿಡಿಸಿದ್ದು. ಲೋಕಲ್ ಗಾಡಿಯಲ್ಲಿ ನಿಂತು ಬಂದ ಮನುಷ್ಯ ಕುಳಿತು, ಯೋಚಿಸಿ, ಒಂದು ಕಾಯಿ ನಡೆಸಿ, ಚಹಾ ಕುಡಿದು ಮತ್ತೊಂದು ನಡೆಸಬಹುದು. ಒಂದೇ ಯಂತ್ರದ ಮುಂದೆ ಇಬ್ಬರು ಸರದಿಯಂತೆ ಕುಳಿತೂ ಆಡಬಹುದು. ದೋಷವೂ ಉಂಟು. ಗೆಲ್ಲುವ ಪೆಟ್ಟೂ ದಾಳದ ಕೃಪೆಯಿಂದ ತಪ್ಪಿಹೋಗುವುದುಂಟು. ಹಾಗಾದಾಗ ನಾನೂ ಮೇಜು ಗುದ್ದಿದ್ದೇನೆ, ಕ್ಷಮಿಸಬೇಕು.

ಇದು ಬಿಟ್ಟಿ ಸಿಗುತ್ತದೆ, ನಿಜ. ಆದರೆ ಬಿಟ್ಟಿ ಎನ್ನುವ ಮಾತಿನಲ್ಲಿ ಕೂಲಿ ಕೊಡದೆ ದುಡಿಸಿಕೊಂಡ ಹಳೆಯ ನೆನಪೂ ಇದೆಯಲ್ಲವೆ? ನನ್ನನ್ನು ಕಾಡಿದ್ದು ಅದು. ದುಡಿದವನ ಅನ್ನವೇನು?

ಲೋಕಿ ಎಂಬ ಅಮೆರಿಕದ ಕಂಪನಿಯೊಂದು 1998ರಲ್ಲಿ ಹುಟ್ಟಿತು. ಬೇರೆಯವರ ಹೆಸರಾಂತ ಆಟಗಳನ್ನು ಲಿನಕ್ಸಿಗೆ ಹೊಂದಿಸಿ ಮಾರುವುದು ಅದರ ಕಸುಬು. ಕೆಲಸ ಅಚ್ಚುಕಟ್ಟು, ಗಿರಾಕಿಗಳು ಕಡಮೆ. 2001ರಲ್ಲಿ ದಿವಾಳಿಯ ಅರ್ಜಿ ಹಾಕಿ, 2002ರ ಜನವರಿಯಲ್ಲಿ ಬಾಗಿಲು ಹಾಕಿತು. ಮಾರಿದ ಪೆಟ್ಟಿಗೆಗಳು ಇಂದು ಹಳೆಯ ವಸ್ತು ಕೂಡಿಡುವವರ ಕಪಾಟಿನಲ್ಲಿವೆ. ಆದರೆ ಅಲ್ಲಿ ದುಡಿದ ಸ್ಯಾಮ್ ಲಾಂಟಿಂಗ ಎಂಬವರು ಎಸ್‌ಡಿಎಲ್ ಎಂಬ ಸಾಧನವೊಂದನ್ನು ಬರೆದು ಎಲ್ಲರಿಗೂ ಬಿಟ್ಟುಕೊಟ್ಟಿದ್ದರು. ತೆರೆಯ ಮೇಲೆ ಚಿತ್ರ ಮೂಡಿಸಲು, ಸದ್ದು ಹೊರಡಿಸಲು, ಕೀಲಿಯೊತ್ತನ್ನು ತಿಳಿಯಲು ಪ್ರತಿಯೊಂದು ವ್ಯವಸ್ಥೆಗೂ ಬೇರೆ ಬೇರೆ ಬರೆಯುವ ಕಷ್ಟವನ್ನು ಅದು ತಪ್ಪಿಸುತ್ತದೆ. ಕಂಪನಿ ಹೋಯಿತು, ಎಸ್‌ಡಿಎಲ್ ಉಳಿಯಿತು. ನಮ್ಮ ವೆಸ್ನೋತ್ ನಿಂತಿರುವುದೂ ಅದರ ಮೇಲೆಯೇ. ಹಂಚಿದ್ದು ಬದುಕಿತು ಎಂದು ಹಿಗ್ಗುವಾಗ, ಮಾರಲು ಹೊರಟವರು ಕೆಲಸ ಕಳೆದುಕೊಂಡರೆಂಬುದನ್ನೂ ನಾನು ಮರೆಯಲಾರೆ.

ಎಂಟು ವರ್ಷಗಳ ಮೇಲೆ, 2010ರ ಮೇ ತಿಂಗಳಲ್ಲಿ, ವುಲ್ಫೈರ್ ಎಂಬ ಪುಟ್ಟ ತಂಡ ಒಂದು ಪ್ರಯೋಗ ಮಾಡಿತು. ದೊಡ್ಡ ಬಂಡವಾಳದ ಹಂಗಿಲ್ಲದೆ ಇಬ್ಬರು, ಮೂವರು, ನಾಲ್ವರು ಸೇರಿ ಮಾಡುವ ಆಟಗಳಿಗೆ ಇಂಡೀ ಆಟಗಳೆನ್ನುತ್ತಾರೆ. ‘ವರ್ಲ್ಡ್ ಆಫ್ ಗೂ’, ‘ಅಕ್ವೇರಿಯ’, ‘ಗಿಶ್’, ‘ಲುಗಾರು’, ‘ಪೆನಂಬ್ರ’ ಮೊದಲಾದ ಅಂಥ ಆಟಗಳನ್ನು ಒಂದು ಗಂಟು ಕಟ್ಟಿ, ‘ನಿಮಗೆ ತೋಚಿದಷ್ಟು ಕೊಟ್ಟು ಒಯ್ಯಿರಿ’ ಎಂದರು. ಅದೇ ಹಂಬಲ್ ಇಂಡೀ ಬಂಡಲ್. ಕೊಟ್ಟ ಹಣದಲ್ಲಿ ಆಟ ಮಾಡಿದವರಿಗೆಷ್ಟು, ಧರ್ಮಕಾರ್ಯಕ್ಕೆಷ್ಟು ಎಂಬುದನ್ನೂ ಕೊಡುವವನೇ ಗೊತ್ತುಮಾಡಬಹುದಿತ್ತು.

ಬಿಟ್ಟಿಗೆ ಹಲ್ಲು ಕಿರಿಯುವವರೆಂದು ಹೆಸರಾದವರು ಲಿನಕ್ಸಿನವರು. ಲೆಕ್ಕ ಬಂದಾಗ ನೋಡಿದರೆ, ವಿಂಡೋಸ್‌ನವರು ತಲೆಗೆ ಸರಾಸರಿ ಸುಮಾರು 8 ಡಾಲರು ಕೊಟ್ಟಿದ್ದರು, ಲಿನಕ್ಸಿನವರು ಸುಮಾರು 14! ಒಟ್ಟು ಕೂಡಿದ್ದು 12 ಲಕ್ಷ ಡಾಲರಿಗೂ ಮೇಲೆ. ಮೊತ್ತ 10 ಲಕ್ಷ ದಾಟಿದಾಗ ನಾಲ್ಕು ಆಟಗಳ ಮೂಲ ಬರೆಹವನ್ನು ಅವುಗಳ ಒಡೆಯರು ಲೋಕಕ್ಕೆ ತೆರೆದರು. ಒಂದು ಸೆಂಟು ಕೊಟ್ಟರೂ ಸಿಗುವ ಸರಕನ್ನು ಅದನ್ನೂ ಕೊಡದೆ ಒಯ್ದವರೂ ಇದ್ದರು. ಇಳಿಸಿಕೊಂಡದ್ದರಲ್ಲಿ ಕಾಲುಭಾಗ ಅಂಥದೆಂದು ವುಲ್ಫೈರ್‌ನವರ ಅಂದಾಜು. ಹಾಗೆಯೇ 2011ರಲ್ಲಿ ‘ಲುಗಾರು’ವಿನ ತೆರೆದ ಬರೆಹ ತೆಗೆದುಕೊಂಡು, ತೆರೆಯದ ಚಿತ್ರಗಳನ್ನೂ ಸೇರಿಸಿ, ಆಪಲ್ ಅಂಗಡಿಯಲ್ಲಿ ಮೂಲಕ್ಕಿಂತ ಅಗ್ಗಕ್ಕೆ ಮಾರಲು ಕುಳಿತವರೂ ಇದ್ದರು. ಬಾಗಿಲು ತೆರೆದಿಟ್ಟ ಮನೆಗೆ ಎಲ್ಲ ತರದವರೂ ಬರುತ್ತಾರೆ. ನಮ್ಮ ವಾಚನಾಲಯದ ಪತ್ರಿಕೆಗಳಿಂದ ಪುಟ ಹರಿದೊಯ್ಯುವವರ ಹಾಗೆ.

‘ಝೀರೋ ಎ.ಡಿ.’ ಎಂಬ ಇನ್ನೊಂದು ಆಟವನ್ನೂ ಹೆಸರಿಸಬೇಕು. ಅದರ ಮೂಲ ಬರೆಹ 2009ರಲ್ಲಿ ಬಿಡುಗಡೆಯಾಯಿತು. ಅದರಲ್ಲಿ ಮೌರ್ಯರ ಪಡೆಯನ್ನು ನಡೆಸಬಹುದು. ಅಶೋಕನೂ ಇದ್ದಾನೆ, ಅವನ ಶಾಸನಸ್ತಂಭವೂ ಇದೆ. ಶಾಸನಗಳ ‘ದೇವಾನಾಂಪ್ರಿಯ’ ಅಶೋಕನೇ ಎಂಬುದಕ್ಕೆ 1915ರಲ್ಲಿ ಹೆಸರು ಹಿಡಿದು ಸಾಕ್ಷಿ ನುಡಿದ ಬಂಡೆ ನಮ್ಮ ರಾಯಚೂರು ಜಿಲ್ಲೆಯ ಮಸ್ಕಿಯದು. ಮಕ್ಕಳಿಗೆ ಇದನ್ನು ಹೇಳಿಕೊಡಲು ಆಸೆ. ಆದರೆ ಆ ಆಟ ನಮ್ಮ ಮುದಿ ಯಂತ್ರದ ಶಕ್ತಿಗೆ ಮೀರಿದ್ದು.

ಇಷ್ಟಾದ ಮೇಲೆ ನನ್ನ ಕೋರಿಕೆ. ನಮ್ಮಿಂದ ಡಾಲರು ಕಳುಹಿಸಲಾಗದು. ಆದರೆ ವೆಸ್ನೋತ್ ಆಟದ ಮಾತುಗಳೆಲ್ಲ ಬೇರೆ ಕಡತದಲ್ಲಿವೆ: ಮೇಲೆ ಇಂಗ್ಲಿಷ್ ವಾಕ್ಯ, ಕೆಳಗೆ ನಮ್ಮ ಭಾಷೆಗೆಂದು ಖಾಲಿ ಜಾಗ. ಲೆಡ್ಜರ್ ತುಂಬಿಸಿ ಸವೆದ ಕೈಗಳು ಈ ಕೋಣೆಯಲ್ಲಿ ಎಷ್ಟಿಲ್ಲ? ಸಂಜೆ ಏಳರಿಂದ ಎಂಟೂವರೆಯವರೆಗೆ ನಾನು ಯಂತ್ರದ ಬಳಿ ಇರುತ್ತೇನೆ. ಈಗಾಗಲೇ ನಲವತ್ತು ಸಾಲು ಆಗಿದೆ. ಆಡುವವನ ಸರದಿಯನ್ನು ‘ಸರದಿ’ ಎನ್ನಬೇಕೆಂದು ನಾನು, ‘ಪಾಳಿ’ ಎನ್ನಬೇಕೆಂದು ಗಿರಣಿಯಲ್ಲಿ ದುಡಿದ ನಮ್ಮ ಹಿರಿಯರೊಬ್ಬರು. ಮೂರು ದಿನದಿಂದ ಜಗಳ ನಡೆದಿದೆ. ಸಭೆ ಮುಗಿದ ಕೂಡಲೇ ದಯವಿಟ್ಟು ನಾಲ್ಕು ಮಂದಿ ಆ ಮೂಲೆಗೆ ಬಂದು ಒಂದು ತೀರ್ಪು ಕೊಡಬೇಕು.