ಸುಣ್ಣಕಟ್ಟಿನಿಂದ ಕ್ಯಾಂಡಿಡಿಯಾಸಿಸ್‌ವರೆಗೆ



ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ ರೇಷ್ಮೆಹುಳು ಸಾಕಿದವರಿಗೆ ಸುಣ್ಣಕಟ್ಟು ರೋಗ ಏನೆಂದು ವಿವರಿಸಬೇಕಾಗಿಲ್ಲ. ಥಂಡಿ, ತೇವ ಹೆಚ್ಚಿದ ದಿನಗಳಲ್ಲಿ ಹುಳು ಸೊಪ್ಪು ತಿನ್ನುವುದನ್ನು ಬಿಡುತ್ತದೆ. ಸತ್ತ ಮೇಲೆ ಸೆಟೆದುಕೊಂಡು ಮೈಯೆಲ್ಲ ಬೆಳ್ಳಗಾಗುತ್ತದೆ. ಮನುಷ್ಯರಿಗೆ ತಗಲುವ ಯೀಸ್ಟ್ ಸೋಂಕಿನ ಕಥೆಗೂ ಈ ಹುಳುವೇ ಮೊದಲು.

ಇಟಲಿಯ ಲೋದಿ ಊರಿನ ಅಗೊಸ್ಟಿನೊ ಬಾಸ್ಸಿ ವರ್ಷಗಟ್ಟಲೆ ಈ ರೋಗದ ಬೆನ್ನು ಹತ್ತಿದ. ಇದಕ್ಕೆ ಕೆಟ್ಟ ಹವೆ ಕಾರಣವಲ್ಲ, ಹುಳುವಿನ ಮೈಯೊಳಗೆ ಬೆಳೆದು ಒಂದರಿಂದ ಇನ್ನೊಂದಕ್ಕೆ ದಾಟುವ ಶಿಲೀಂಧ್ರ ಕಾರಣ ಎಂದು 1835ರಲ್ಲಿ ಪ್ರಕಟಿಸಿದ. ರೋಗಕ್ಕೆ ಸೂಕ್ಷ್ಮಜೀವಿ ಕಾರಣವೆಂದು ತೋರಿಸಿದ ಪಾಶ್ಚರ್, ಕಾಕ್ ಅವರ ಕೆಲಸಕ್ಕಿಂತ ದಶಕಗಳಷ್ಟು ಹಿಂದಿನ ಮಾತಿದು. ರೇಷ್ಮೆ ಬೆಳೆಯುವ ನಮ್ಮ ನಾಡಿನಲ್ಲಿ ಬಾಸ್ಸಿಯ ಹೆಸರು ಇನ್ನಷ್ಟು ಕೇಳಿಬರಬೇಕು ಎಂಬುದು ನನ್ನ ಆಸೆ.

ಬಾಸ್ಸಿಯ ಕೆಲಸದಿಂದ ಪ್ರೇರಣೆ ಪಡೆದ ವೈದ್ಯ ಶೋನ್‌ಲೈನ್, 1839ರಲ್ಲಿ ಫೇವಸ್ ಎಂಬ ತಲೆಯ ಚರ್ಮರೋಗದ ಹಕ್ಕಳೆಯಲ್ಲಿ ಶಿಲೀಂಧ್ರವನ್ನು ಕಂಡ. ಅದೇ ವರ್ಷ ಲಾಂಗೆನ್‌ಬೆಕ್ ಎಂಬ ಇನ್ನೊಬ್ಬ ವೈದ್ಯ, ಜ್ವರದ ರೋಗಿಯೊಬ್ಬನ ಬಾಯಿ ಗಂಟಲಿನ ಬಿಳಿ ಪೊರೆಯಲ್ಲಿ ಮತ್ತೊಂದನ್ನು ಕಂಡ. ಆ ಜ್ವರಕ್ಕೇ ಅದು ಕಾರಣವಿರಬೇಕೆಂದು ಅವನು ಬಗೆದದ್ದು ಮಾತ್ರ ತಪ್ಪು. ಹಸುಗೂಸುಗಳ ಬಾಯಲ್ಲಿ ಕಾಣುವ ಬಿಳಿ ಹುಣ್ಣಿಗೂ ಇದೇ ಕಾರಣವೆಂದು ಮುಂದೆ ಖಚಿತವಾಯಿತು.

ಇನ್ನು ಈ ಶಿಲೀಂಧ್ರದ ಹೆಸರು. 1853ರಲ್ಲಿ ಫ್ರಾನ್ಸಿನ ರಾಬಿನ್ ಇದನ್ನು ಓಯಿಡಿಯಂ ಆಲ್ಬಿಕಾನ್ಸ್ ಎಂದು ಕರೆದ. ಆಮೇಲೆ ಇದನ್ನು ಮೊನಿಲಿಯಾ ಗುಂಪಿಗೆ ಸೇರಿಸಿದರು. ಹಳೆಯ ವೈದ್ಯಗ್ರಂಥಗಳ ‘ಮೊನಿಲಿಯಾಸಿಸ್’ ಬಂದದ್ದು ಹೀಗೆ. ಆದರೆ ಮೊನಿಲಿಯಾ ಎಂಬುದು ಹಣ್ಣು ಕೊಳೆಸುವ ಬೂಷ್ಟಿನ ಕುಲ, ಅದೇ ಬೇರೆ. ಈ ಗೋಜಲನ್ನು ಬಿಡಿಸಿದವರು ನೆದರ್‌ಲ್ಯಾಂಡ್ಸಿನ ಕ್ರಿಸ್ಟೀನ್ ಬರ್ಕ್‌ಹೌಟ್. 1923ರ ತಮ್ಮ ಪ್ರಬಂಧದಲ್ಲಿ ಅವರು ಕ್ಯಾಂಡಿಡಾ ಎಂಬ ಕುಲವನ್ನು ಹುಟ್ಟುಹಾಕಿದರು. ಲ್ಯಾಟಿನ್ನಿನಲ್ಲಿ ಕ್ಯಾಂಡಿಡಾ ಎಂದರೆ ಬೆಳ್ಳಗಿನದು, ಆಲ್ಬಿಕಾನ್ಸ್ ಎಂದರೆ ಬೆಳ್ಳಗಾಗುತ್ತಿರುವುದು. ರೋಗಕ್ಕೆ ಕ್ಯಾಂಡಿಡಿಯಾಸಿಸ್ ಎಂಬ ಹೆಸರು ನಿಂತಿತು. ಬರೆಯುವಾಗ ಜನ ನಡುವಿನ ಒಂದು ‘ಡಿ’ ನುಂಗಿಬಿಡುತ್ತಾರೆ, ಎರಡೂ ಇರಬೇಕು. ಬ್ರಿಟಿಷ್ ಪುಸ್ತಕಗಳಲ್ಲಿ ಕ್ಯಾಂಡಿಡೋಸಿಸ್ ಎಂದು ಕಂಡರೆ ಗಾಬರಿ ಬೇಡ, ರೋಗ ಅದೇ.

ಮದ್ದು ಬಂದದ್ದೂ ಹೆಂಗಸರ ಕೈಯಿಂದ. ಅಮೆರಿಕದ ಎಲಿಜಬೆತ್ ಹೇಜನ್ ಮತ್ತು ರೇಚಲ್ ಬ್ರೌನ್, ವರ್ಜೀನಿಯಾದ ಹೊಲವೊಂದರ ಮಣ್ಣಿನಲ್ಲಿದ್ದ ಸೂಕ್ಷ್ಮಜೀವಿಯಿಂದ ತೆಗೆದ ಔಷಧಿಯನ್ನು 1950ರಲ್ಲಿ ಲೋಕಕ್ಕೆ ತಿಳಿಸಿದರು. ತಾವು ಕೆಲಸ ಮಾಡುತ್ತಿದ್ದ ನ್ಯೂಯಾರ್ಕ್ ರಾಜ್ಯದ ನೆನಪಿಗೆ ಅದನ್ನು ನಿಸ್ಟಾಟಿನ್ ಎಂದು ಕರೆದರು. ಇವತ್ತು ಔಷಧಿ ಅಂಗಡಿಯಲ್ಲಿ ಸಿಗುವ ಕ್ಲೋಟ್ರಿಮಜೋಲ್, ಫ್ಲುಕೊನಜೋಲ್ ಆಮೇಲಿನವು.

ಕ್ಯಾಂಡಿಡಾ ಹೊರಗಿನ ಶತ್ರುವಲ್ಲ; ಆರೋಗ್ಯವಂತರ ಬಾಯಿ, ಕರುಳಿನಲ್ಲೂ ಸುಮ್ಮನೆ ಇರುತ್ತದೆ. ಸಕ್ಕರೆ ಕಾಯಿಲೆ ಹತೋಟಿ ತಪ್ಪಿದಾಗ, ಆಂಟಿಬಯೋಟಿಕ್ ಹೆಚ್ಚಾದಾಗ, ಬಸುರಿನಲ್ಲಿ, ಮೈಯ ಶಕ್ತಿ ಕುಗ್ಗಿದಾಗ ತಲೆಯೆತ್ತುತ್ತದೆ. ಹೆಂಗಸರಿಗೆ ತುರಿಕೆಯ ಜೊತೆಗೆ ಒಡೆದ ಮೊಸರಿನಂಥ ಬಿಳುಪು ಹೋದರೆ ಇದೇ ಇರಬಹುದು. ಆದರೆ ಬಿಳುಪು ಹೋಗುವುದೆಲ್ಲ ಇದೇ ಅಲ್ಲ, ಪರೀಕ್ಷಿಸಿಯೇ ಹೇಳಬೇಕು.

ತಾಯಂದಿರೇ, ಅಕ್ಕತಂಗಿಯರೇ, ಇದು ನಡತೆ ಕೆಟ್ಟು ಬರುವ ರೋಗವಲ್ಲ. ಅಂಗಡಿಯಲ್ಲಿ ಕೇಳಿ ಸ್ಟೀರಾಯ್ಡ್ ಬೆರೆತ ಮುಲಾಮು ಹಚ್ಚಬೇಡಿ. ತುರಿಕೆ ತಗ್ಗಿದಂತೆ ಕಂಡರೂ ಒಳಗೆ ಸೋಂಕು ಬೆಳೆಯಬಹುದು. ಆಶಾ ಕಾರ್ಯಕರ್ತೆಯ ಹತ್ತಿರ ಹೇಳಿಕೊಳ್ಳಿ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ತೋರಿಸಿ. ಮತ್ತೆ ಮತ್ತೆ ಬರುತ್ತಿದ್ದರೆ ರಕ್ತದ ಸಕ್ಕರೆಯನ್ನೂ ಪರೀಕ್ಷೆ ಮಾಡಿಸಿ.